‘ಬೇಡ’ ಎನ್ನುತ್ತಿರುವ ವೈರನ್ನು ಹುಡುಕು

ಮಗೂ, ನಿನ್ನ ಗ್ರ್ಯಾಂಡ್ ಮಾರ್ಕೀ ಕಾರಿನ ಕ್ರೂಸ್ ಕಂಟ್ರೋಲ್ ಕೆಲಸ ಮಾಡುತ್ತಿಲ್ಲವಂತೆ, ಆಕ್ಸಿಲರೇಟರನ್ನು ಎಳೆಯುವ ಸರ್ವೊ ಹೋಗಿದೆ, ಹೊಸದು ಹಾಕಿಸಬೇಕು ಅಂತ ಗ್ಯಾರೇಜಿನವರು ಹೇಳಿದ್ದಾರಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ದುಡ್ಡು ಕೊಡುವ ಮುಂಚೆ ಈ ಮಾವನ ಮಾತು ಸ್ವಲ್ಪ ಕೇಳು. ಡೆಟ್ರಾಯಿಟ್ ಸುತ್ತಮುತ್ತ ಕಾರುಗಳ ವೈರಿಂಗ್ ನೋಡುತ್ತಲೇ ನನ್ನ ಕೂದಲು ನೆರೆತದ್ದು. ಕ್ರೂಸ್ ಕೆಟ್ಟಿದೆ ಎಂದು ಬಂದ ಹಳೆ ಕಾರುಗಳಲ್ಲಿ ಸರ್ವೊ ನಿಜವಾಗಿ ಸತ್ತಿದ್ದದ್ದು ಕಡಿಮೆ. ಬಹುತೇಕ ಕಾರುಗಳಲ್ಲಿ ಸಿಕ್ಕಿದ್ದು ಒಂದು ಸ್ವಿಚ್ಚು, ಒಂದು ಬಲ್ಬು, ಇಲ್ಲವೇ ಉಪ್ಪು ಹಿಡಿದ ಒಂದು ಕನೆಕ್ಟರ್.

ಮೊದಲು ಒಂದು ಮಾತು ಮನಸ್ಸಿಗೆ ಹಾಕಿಕೊ. ಕ್ರೂಸ್ ಕಂಟ್ರೋಲ್ ಮಾಡುವ ಕೆಲಸ ಕಾರನ್ನು ಒಂದೇ ವೇಗದಲ್ಲಿ ಓಡಿಸುವುದಾದರೂ ಅದನ್ನು ಕಟ್ಟಿರುವುದೇ ನಿಲ್ಲುವುದಕ್ಕೆ. ಹಳೆ ಕಾಲದ ಮದುವೆ ಮಾತುಕತೆ ಗೊತ್ತಲ್ಲ, ಹತ್ತು ಜನ ಹಿರಿಯರು ಒಪ್ಪಿ ಒಬ್ಬ ದೊಡ್ಡಪ್ಪ ಬೇಡ ಎಂದರೂ ತಾಂಬೂಲ ಅಲ್ಲಿಗೇ ನಿಲ್ಲುತ್ತಿತ್ತು. ಇದೂ ಹಾಗೇ. ಫ್ಯೂಸು ಹೂಂ ಎನ್ನಬೇಕು, ಸ್ಟೇರಿಂಗಿನ ಗುಂಡಿ ಹೂಂ ಎನ್ನಬೇಕು, ಬ್ರೇಕಿನ ಎರಡು ಸ್ವಿಚ್ಚೂ ಹೂಂ ಎನ್ನಬೇಕು, ವೇಗದ ಸೆನ್ಸರ್ ಸರಿಯಾದ ಲೆಕ್ಕ ಕೊಡುತ್ತಿರಬೇಕು, ಅರ್ತ್ ಗಟ್ಟಿಯಾಗಿರಬೇಕು. ಇವರಲ್ಲಿ ಒಬ್ಬರು ತಲೆಯಾಡಿಸದಿದ್ದರೆ ಸರ್ವೊ ಕೈಕಟ್ಟಿ ಕೂರುತ್ತದೆ. ಅದು ಕೂರುವುದೇ ಸರಿ. ಅದಕ್ಕೇ ‘ಕ್ರೂಸ್ ಏಕೆ ಕೆಲಸ ಮಾಡುತ್ತಿಲ್ಲ’ ಎಂದು ತಲೆ ಕೆಡಿಸಿಕೊಳ್ಳಬೇಡ, ‘ಬೇಡ ಎನ್ನುತ್ತಿರುವ ವೈರು ಯಾವುದು’ ಎಂದು ಕೇಳಿಕೊ. ಪ್ರಶ್ನೆ ಹೀಗೆ ತಿರುಗಿದರೆ ಅರ್ಧ ಕೆಲಸ ಆದಂತೆ.

ಇದನ್ನು ಕಂಡುಹಿಡಿದವರ ಊರು ನಿನ್ನ ಕಾಲೇಜಿರುವ ಇಂಡಿಯಾನಾ ರಾಜ್ಯದಲ್ಲೇ ಇದೆ, ಹೇಗರ್ಸ್‌ಟೌನ್ ಅಂತ. ಹೆಸರು ರಾಲ್ಫ್ ಟೀಟರ್, ಹುಟ್ಟಿದ್ದು 1890ರಲ್ಲಿ. ಐದನೇ ವಯಸ್ಸಿನಲ್ಲಿ ಚಾಕು ತಗಲಿ ಆದ ಗಾಯದಿಂದ ಕಣ್ಣು ಕಳೆದುಕೊಂಡವರು. ಆದರೂ ಎಂಜಿನಿಯರಿಂಗ್ ಓದಿದರು, ಪಿಸ್ಟನ್ ರಿಂಗ್ ಮಾಡುವ ಕಂಪನಿಯ ಅಧ್ಯಕ್ಷರಾದರು, 1936ರಲ್ಲಿ ಅಮೆರಿಕದ ವಾಹನ ಎಂಜಿನಿಯರುಗಳ ಸಂಘಕ್ಕೂ ಅಧ್ಯಕ್ಷರಾದರು. ಅವರ ವಕೀಲರು ಕಾರು ಓಡಿಸುತ್ತ ಮಾತಿಗೆ ತೊಡಗಿದರೆ ವೇಗ ಇಳಿಯುತ್ತಿತ್ತು, ಕೇಳಿಸಿಕೊಳ್ಳುವಾಗ ಮತ್ತೆ ಏರುತ್ತಿತ್ತು. ಪಕ್ಕದಲ್ಲಿ ಕೂತ ಟೀಟರ್‌ಗೆ ಆ ಜಗ್ಗಾಟ ಸಹಿಸಲಾಗಲಿಲ್ಲ, ಅಲ್ಲಿಂದಲೇ ಈ ಯೋಚನೆ ಹುಟ್ಟಿತು ಎಂದು ಹೇಳುತ್ತಾರೆ. 1950ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. 1958ರ ಮಾದರಿಯ ಕ್ರೈಸ್ಲರ್ ಕಾರುಗಳಲ್ಲಿ ಅದು ಮೊದಲು ಮಾರಾಟಕ್ಕೆ ಬಂತು, ಮರುವರ್ಷ ಕ್ಯಾಡಿಲಾಕ್ ಅದನ್ನು ‘ಕ್ರೂಸ್ ಕಂಟ್ರೋಲ್’ ಎಂದು ಕರೆಯಿತು, ಆ ಹೆಸರೇ ಉಳಿಯಿತು. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಟೀಟರ್ ಯಂತ್ರಗಳನ್ನು ಬೆರಳಿನಿಂದ ಓದುತ್ತಿದ್ದರು. ಹಳೆ ವೈರಿಂಗಿಗೂ ಅದೇ ಬೇಕು. ಹೊರಗಿನ ಪ್ಲಾಸ್ಟಿಕ್ ಹೊಸದರ ಹಾಗೆ ಹೊಳೆಯುತ್ತಿರುತ್ತದೆ, ಒಳಗೆ ತಾಮ್ರದ ಎಳೆ ತುಂಡಾಗಿರುತ್ತದೆ. ವೈರನ್ನು ಎರಡು ಬೆರಳಿನಲ್ಲಿ ಹಿಡಿದು ನಿಧಾನವಾಗಿ ಬಗ್ಗಿಸುತ್ತ ಹೋದರೆ ಒಂದು ಕಡೆ ಕೀಲು ಬಿಟ್ಟ ಹಾಗೆ ಮೆತ್ತಗೆ ಮಡಚುತ್ತದೆ. ಕಣ್ಣಿಗೆ ಕಾಣದ್ದು ಅಲ್ಲಿ ಕೈಗೆ ಸಿಗುತ್ತದೆ.

ಈಗ ನಿನ್ನ ಕಾರಿನ ವಿಷಯ. 1997ರ ಮರ್ಕ್ಯುರಿ ಗ್ರ್ಯಾಂಡ್ ಮಾರ್ಕೀ ಅಂದರೆ ಫೋರ್ಡ್‌ನ ಕ್ರೌನ್ ವಿಕ್ಟೋರಿಯಾದ ಒಡಹುಟ್ಟು. ಮರ್ಕ್ಯುರಿ ಹೆಸರು 2011ರ ಹೊತ್ತಿಗೆ ನಿಂತುಹೋಯಿತು, ಆದರೆ ಆ ಕಾರುಗಳನ್ನು ಫೋರ್ಡ್ ಡೀಲರೇ ನೋಡಿಕೊಳ್ಳುತ್ತಾರೆ. ಇದರ ಸರ್ವೊ ಬಾನೆಟ್ಟಿನ ಕೆಳಗಿದೆ. ಅದಕ್ಕಿಂತ ಹಳೆಯ ಎಷ್ಟೋ ಕಾರುಗಳಲ್ಲಿ ಎಂಜಿನ್ನಿನ ನಿರ್ವಾತದ ಸೆಳೆತದಿಂದ ರಬ್ಬರ್ ಪೊರೆಯೊಂದು ಆಕ್ಸಿಲರೇಟರನ್ನು ಎಳೆಯುತ್ತಿತ್ತು, ಹಾಗಿದ್ದರೆ ನೀನು ರಬ್ಬರ್ ಪೈಪುಗಳನ್ನೂ ಒಂದೊಂದಾಗಿ ನೋಡಬೇಕಿತ್ತು. ನಿನ್ನದರಲ್ಲಿ ಆ ಗೋಜಿಲ್ಲ. ಪುಟ್ಟ ಮೋಟಾರು ಕೇಬಲ್ಲನ್ನು ಎಳೆಯುತ್ತದೆ. ಮೋಟಾರಿಗೂ ಕೇಬಲ್ಲಿಗೂ ನಡುವೆ ವಿದ್ಯುತ್ತಿನಿಂದ ಹಿಡಿದುಕೊಳ್ಳುವ ಒಂದು ಕ್ಲಚ್ ಇದೆ. ಆ ಕ್ಲಚ್ಚಿಗೆ ಕರೆಂಟು ಹೋಗುವ ದಾರಿ ಬ್ರೇಕಿನ ಸ್ವಿಚ್ಚೊಂದನ್ನು ದಾಟಿಯೇ ಹೋಗುತ್ತದೆ. ಬ್ರೇಕ್ ಜೋರಾಗಿ ತುಳಿದರೆ ಆ ದಾರಿ ಕಡಿಯುತ್ತದೆ, ಕ್ಲಚ್ ಕೈಬಿಡುತ್ತದೆ, ಸ್ಪ್ರಿಂಗು ಆಕ್ಸಿಲರೇಟರನ್ನು ಹಿಂದಕ್ಕೆ ಎಳೆಯುತ್ತದೆ. ಈ ದಾರಿಯ ಬಗ್ಗೆ ಆಮೇಲೆ ಹೇಳುವುದಿದೆ, ಅದು ಎಲ್ಲಕ್ಕಿಂತ ಮುಖ್ಯ.

ಕೆಲಸ ಶುರುಮಾಡುವ ಮೊದಲು ನಿನ್ನದೇ ವರ್ಷದ, ನಿನ್ನದೇ ಮಾದರಿಯ ವೈರಿಂಗ್ ಚಿತ್ರ ಕೈಯಲ್ಲಿರಲಿ. ಪಕ್ಕದ ವರ್ಷದ ಚಿತ್ರ ಇಟ್ಟುಕೊಂಡು ಬಣ್ಣ ಹುಡುಕಬೇಡ. ಒಂದೇ ಕೆಲಸದ ವೈರಿಗೆ ವರ್ಷ ಬದಲಾದರೆ ಬಣ್ಣವೂ ಬದಲಾಗುವುದುಂಟು, ತಿಳಿ ಹಸಿರಿನ ಮೇಲೆ ಕೆಂಪು ಗೆರೆಗೂ ಕೆಂಪಿನ ಮೇಲೆ ತಿಳಿ ಹಸಿರು ಗೆರೆಗೂ ಅಜಗಜಾಂತರ. ನಿನ್ನೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸು. ಅಮೆರಿಕದ ಬಹಳಷ್ಟು ಗ್ರಂಥಾಲಯಗಳು ಕಾರು ರಿಪೇರಿಯ ಕೈಪಿಡಿಗಳನ್ನು ಸದಸ್ಯರಿಗೆ ಪುಕ್ಕಟೆ ತೋರಿಸುತ್ತವೆ, ಕಾರ್ಡ್ ಇದ್ದರೆ ಸಾಕು. ಇನ್ನು ಒಂದು ಮಲ್ಟಿಮೀಟರ್ ಬೇಕು, ಹರ್ಟ್ಸ್ ಅಳೆಯುವಂಥದ್ದೇ ಕೊಂಡುಕೊ.

ಖರ್ಚಿಲ್ಲದ್ದನ್ನು ಮೊದಲು ನೋಡು. ಫ್ಯೂಸನ್ನು ಕಿತ್ತು ಮೀಟರಿನಲ್ಲಿ ನೋಡು, ಕಣ್ಣಂದಾಜು ಬೇಡ. ಎಂಜಿನ್ ಆರಿಸಿ ಆಕ್ಸಿಲರೇಟರ್ ಒತ್ತಿ ಬಿಡು, ಟಕ್ಕೆಂದು ವಾಪಸು ಬರಬೇಕು. ಅಂಟಿಕೊಂಡಂತೆ ನಿಧಾನ ಬಂದರೆ ವೈರಿಂಗ್ ಮುಟ್ಟುವುದಕ್ಕೂ ಮುಂಚೆ ಅದನ್ನು ಸರಿಮಾಡಿಸು, ಅಲ್ಲಿಯವರೆಗೆ ಕ್ರೂಸ್ ಮಾತೇ ಬೇಡ. ಹಾರನ್ ಹೊಡೆದು ನೋಡು. ಬ್ರೇಕ್ ತುಳಿದು, ಗೆಳೆಯನೊಬ್ಬನನ್ನು ಹಿಂದೆ ನಿಲ್ಲಿಸಿ, ಮೂರೂ ಬ್ರೇಕ್ ದೀಪ ಹತ್ತುತ್ತವೆಯೇ ಕೇಳು. ಸ್ಪೀಡೋಮೀಟರ್ ಮುಳ್ಳು ನಡುಗದೆ ಏರುತ್ತದೆಯೇ ನೋಡು. ಈ ಥರದ ಕ್ರೂಸ್ ಗಂಟೆಗೆ ಸುಮಾರು 30 ಮೈಲಿಗಿಂತ ಕೆಳಗೆ ಹಿಡಿಯುವುದೇ ಇಲ್ಲ, ಅದಕ್ಕೇ ಹಾಸ್ಟೆಲ್ ಬೀದಿಯಲ್ಲಿ ಓಡಿಸಿ ಕೆಟ್ಟಿದೆ ಎಂದು ತೀರ್ಮಾನಿಸಬೇಡ.

ಬ್ರೇಕ್ ದೀಪದ ಹತ್ತಿರ ಸ್ವಲ್ಪ ನಿಲ್ಲು. ನೀನು ಕಾರು ಕೊಂಡ ಹೊಸದರಲ್ಲಿ ಹಿಂದಿನ ದೀಪಗಳಿಗೆಲ್ಲ ಎಲ್‌ಇಡಿ ಹಾಕಿಸಿದೆ ಎಂದು ಫೋಟೊ ಕಳಿಸಿದ್ದೆ, ನನಗೆ ನೆನಪಿದೆ. ನನ್ನ ಅನುಮಾನ ಮೊದಲು ಹೋಗುವುದೇ ಅಲ್ಲಿಗೆ. ಆ ಕಾಲದ ಫೋರ್ಡ್‌ಗಳಲ್ಲಿ ಸರ್ವೊ ಬ್ರೇಕ್ ದೀಪದ ವೈರನ್ನು ಸದಾ ನೋಡುತ್ತಿರುತ್ತದೆ. ಬ್ರೇಕ್ ತುಳಿದಾಗ ಅಲ್ಲಿ 12 ವೋಲ್ಟ್ ಬರಬೇಕು. ತುಳಿಯದೆ ಇದ್ದಾಗ ಆ ವೈರು ಬಲ್ಬಿನ ಒಳಗಿನ ತಂತಿಯ ಮೂಲಕ ಅರ್ತ್‌ಗೆ ಮುಟ್ಟಿರಬೇಕು. ತಣ್ಣಗಿರುವ ಬಲ್ಬಿನ ತಂತಿಗೆ ಕೆಲವೇ ಓಮ್ ತಡೆ, ಸರ್ವೊಗೆ ಅದು ಅರ್ತ್ ಇದ್ದ ಹಾಗೇ ಕಾಣುತ್ತದೆ, ಬಲ್ಬು ಇದೆ, ವೈರು ತುಂಡಾಗಿಲ್ಲ, ಬ್ರೇಕ್ ತುಳಿದರೆ ನನಗೆ ಗೊತ್ತಾಗುತ್ತದೆ ಎಂಬ ಭರವಸೆ ಅದಕ್ಕೆ. ಎಲ್‌ಇಡಿಯಲ್ಲಿ ಆ ತಂತಿಯೇ ಇಲ್ಲ. ಸರ್ವೊ ಕಣ್ಣಿಗೆ ದಾರಿ ಕಡಿದುಹೋಗಿದೆ, ಆದ್ದರಿಂದ ಕ್ರೂಸ್ ಬೇಡ. ಎಲ್ಲ ಬಲ್ಬೂ ಸುಟ್ಟುಹೋದಾಗಲೂ ಇದೇ ಆಗುತ್ತದೆ. ಹಿಂದಿನ ಗಾಜಿನ ಹತ್ತಿರ ಇರುವ ಮೂರನೇ ದೀಪಕ್ಕೆ ಹಳೆ ತಂತಿಯ ಬಲ್ಬು ಹಾಕಿ ನೋಡು. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಕೆಲವೇ ಡಾಲರಿನ ಬಲ್ಬು, ಸರ್ವೊ ಬೆಲೆ ಎಲ್ಲಿ, ಇದರ ಬೆಲೆ ಎಲ್ಲಿ.

ಅದರಿಂದ ಆಗಲಿಲ್ಲ ಎಂದರೆ ಸ್ಟೇರಿಂಗಿನ ಗುಂಡಿಗಳಿಗೆ ಬಾ. ಅಲ್ಲಿ ಸೆಟ್, ರೆಸ್ಯೂಮ್, ಕೋಸ್ಟ್, ಆನ್, ಆಫ್ ಎಂದು ಐದು ಆಜ್ಞೆಗಳಿವೆ. ಐದಕ್ಕೂ ಬೇರೆ ಬೇರೆ ವೈರು ಇಲ್ಲ. ಒಂದೇ ವೈರಿನಲ್ಲಿ ಬೇರೆ ಬೇರೆ ತಡೆ ತೋರಿಸಿ ಸರ್ವೊಗೆ ಹೇಳುತ್ತವೆ. ಬ್ಯಾಟರಿಯ ಮೈನಸ್ ಕಳಚಿ, ಸರ್ವೊ ಕನೆಕ್ಟರ್ ಬಿಡಿಸಿ, ಗುಂಡಿಯ ವೈರಿಗೂ ಅದರ ಜೋಡಿ ಅರ್ತ್ ವೈರಿಗೂ ಮೀಟರ್ ಹಿಡಿ. ಗೆಳೆಯ ಒಂದೊಂದೇ ಗುಂಡಿ ಒತ್ತಲಿ. ಆಫ್ ಒತ್ತಿದರೆ ಸೊನ್ನೆಯ ಹತ್ತಿರ, ಕೋಸ್ಟ್‌ಗೆ ಸುಮಾರು 120 ಓಮ್, ಸೆಟ್‌ಗೆ 680, ರೆಸ್ಯೂಮ್‌ಗೆ 2200. ಆನ್ ಗುಂಡಿ ಮಾತ್ರ ಬೇರೆ ಜಾತಿ, ಅದು ತಡೆಯಲ್ಲ, ಬ್ಯಾಟರಿಯ ವೋಲ್ಟೇಜನ್ನೇ ಕಳಿಸುತ್ತದೆ, ಅದನ್ನು ಬ್ಯಾಟರಿ ಜೋಡಿಸಿದ ಮೇಲೆ ವೋಲ್ಟ್‌ನಲ್ಲಿ ಅಳೆ. ಅಂಕಿ ಐದು ಪರ್ಸೆಂಟ್ ಆಚೀಚೆ ಆದರೆ ಚಿಂತೆಯಿಲ್ಲ. ಸೆಟ್ ಒತ್ತಿದಾಗ 680ರ ಬದಲು 900 ಎಂದರೆ ಗುಂಡಿಯ ಒಳಗೆ ಕಿಲುಬು ಕೂತಿದೆ. ಎಲ್ಲ ಗುಂಡಿಗೂ ಅಷ್ಟಷ್ಟೇ ಓಮ್ ಹೆಚ್ಚು ಬರುತ್ತಿದ್ದರೆ ಗುಂಡಿಯ ತಪ್ಪಲ್ಲ, ದಾರಿಯಲ್ಲಿ ಎಲ್ಲೋ ತಡೆ ಸೇರಿಕೊಂಡಿದೆ ಎಂದು ಅರ್ಥ.

ಆ ದಾರಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಕ್ಲಾಕ್ ಸ್ಪ್ರಿಂಗ್. ಸ್ಟೇರಿಂಗ್ ತಿರುಗುತ್ತಿದ್ದರೂ ವೈರು ತಿರುಚಿಕೊಳ್ಳದ ಹಾಗೆ ಸುರುಳಿ ಸುತ್ತಿದ ಚಪ್ಪಟೆ ಪಟ್ಟಿ ಅದು. ಹಾರನ್, ಕ್ರೂಸ್, ಏರ್‌ಬ್ಯಾಗ್ ಮೂರೂ ಅದನ್ನು ದಾಟಿಯೇ ಬರಬೇಕು. ಹಾರನ್ನೂ ಇಲ್ಲ, ಕ್ರೂಸೂ ಇಲ್ಲ, ಡ್ಯಾಶಿನಲ್ಲಿ ಏರ್‌ಬ್ಯಾಗ್ ದೀಪವೂ ಹತ್ತಿದೆ ಎಂದರೆ ಇನ್ನೇನೂ ಹುಡುಕುವುದು ಬೇಡ. ಅನುಮಾನ ಉಳಿದರೆ ಮೀಟರ್ ಹಿಡಿದ ಹಾಗೇ ಸೆಟ್ ಗುಂಡಿ ಒತ್ತಿಸಿ ಸ್ಟೇರಿಂಗನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸು. ಅಂಕಿ ಕುಣಿದರೆ ಸುರುಳಿ ಹರಿದಿದೆ. ಆದರೆ ಮಗೂ, ಅದನ್ನು ಬದಲಾಯಿಸಲು ಏರ್‌ಬ್ಯಾಗ್ ಕಳಚಬೇಕು, ಅದನ್ನು ನೀನು ಮಾಡಬೇಡ. ಹಳದಿ ಕನೆಕ್ಟರ್, ಹಳದಿ ಕವಚದ ವೈರು ಎಲ್ಲಿ ಕಂಡರೂ ಮೀಟರಿನ ಮೊನೆ ಇಡಬೇಡ, ಟೆಸ್ಟ್ ಲ್ಯಾಂಪಂತೂ ಮುಟ್ಟಿಸಲೇಬೇಡ. ಸಣ್ಣ ಕರೆಂಟೇ ಆ ಚೀಲವನ್ನು ಮುಖಕ್ಕೆ ಸಿಡಿಸಬಲ್ಲದು. ಈ ಒಂದು ಕೆಲಸಕ್ಕೆ ಗ್ಯಾರೇಜಿಗೆ ದುಡ್ಡು ಕೊಡು, ನಾನು ಬೇಡ ಎನ್ನುವುದಿಲ್ಲ.

ವೇಗದ ಸೆನ್ಸರ್ ಗೇರ್‌ಬಾಕ್ಸಿನ ಹತ್ತಿರ ಕೂತಿದೆ. ಫೋರ್ಡ್‌ನವರ ಆ ಕಾಲದ ಲೆಕ್ಕ ಒಂದು ಮೈಲಿಗೆ 8000 ಮಿಡಿತ. ಅಂದರೆ ಗಂಟೆಗೆ ಒಂದು ಮೈಲಿ ವೇಗಕ್ಕೆ ಸುಮಾರು 2.2 ಹರ್ಟ್ಸ್, 30 ಮೈಲಿಯಲ್ಲಿ 67ರ ಆಸುಪಾಸು. ಸ್ಪೀಡೋಮೀಟರ್ ನೆಟ್ಟಗಿದ್ದರೆ ಸೆನ್ಸರೂ ನೆಟ್ಟಗಿದೆ ಎಂದೇ ಹಿಡಿ, ಸರ್ವೊವರೆಗಿನ ವೈರನ್ನಷ್ಟೇ ಅನುಮಾನಿಸು. ಕನೆಕ್ಟರಿನ ಹಿಂಬದಿಯಿಂದ ಮೊನೆ ತೂರಿಸಿ, ಮೀಟರನ್ನು ಮಡಿಲಲ್ಲಿಟ್ಟುಕೊಂಡು ನೀನು ಕೂರು, ಗೆಳೆಯ ಓಡಿಸಲಿ. ಓಡಿಸುತ್ತ ಮೀಟರ್ ನೋಡುವ ಸಾಹಸ ಬೇಡ.

ಈಗ ಉಪ್ಪಿನ ಮಾತು. ನಮ್ಮೂರಿನ ಕಾರುಗಳಿಗೆ ಇಲ್ಲದ ರೋಗ ಇದು. ಮಿಷಿಗನ್, ಒಹಾಯೊ, ಇಂಡಿಯಾನಾ ಕಡೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಬಾನೆಟ್ಟಿನ ಕೆಳಗೆ ಎರಚಿ, ಕನೆಕ್ಟರಿನೊಳಗೆ ಹೊಕ್ಕು, ವೈರಿನ ಹೊಟ್ಟೆಯೊಳಗೂ ಸಾಗುತ್ತದೆ. ಕನೆಕ್ಟರ್ ಬಿಡಿಸಿದಾಗ ಹಸಿರು ಪುಡಿ ಕಂಡರೆ ಅಲ್ಲೇ ನಿಂತು ಕೆಲಸ ಮಾಡು. ಇಂಥ ವೈರು ಮೀಟರನ್ನು ಚೆನ್ನಾಗಿ ನಂಬಿಸುತ್ತದೆ. ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಫ್ಯೂಸಿನಿಂದ ಬರುವ ಪವರ್ ವೈರಿಗೆ ಬಲ್ಬಿರುವ ಟೆಸ್ಟ್ ಲ್ಯಾಂಪ್ ಹಿಡಿ. ಬಲ್ಬು ಮಂಕಾಗಿ ಉರಿದರೆ ವೈರು ಒಳಗೇ ಕೊಳೆತಿದೆ. ಪವರ್ ಮತ್ತು ಅರ್ತ್ ವೈರುಗಳಿಗೆ ಮಾತ್ರ ಈ ಪರೀಕ್ಷೆ, ಸೆನ್ಸರ್ ವೈರಿಗಲ್ಲ. ಅರ್ತ್ ನೋಡಲು ಅದಕ್ಕೆ ಭಾರ ಬಿದ್ದಿರುವಾಗ ಆ ವೈರಿನ ತುದಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ವೋಲ್ಟ್ ಅಳೆ. 0.1 ವೋಲ್ಟಿಗಿಂತ ಹೆಚ್ಚಿದ್ದರೆ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿ ಮಾಡು. ಜೊತೆಗೆ ಇಲಿಗಳನ್ನೂ ಮರೆಯಬೇಡ. ಚಳಿಗೆ ಬೆಚ್ಚಗಿರುವ ಎಂಜಿನ್ನಿನ ಮೇಲೆ ಗೂಡು ಕಟ್ಟಿ ವೈರು ಕಡಿದು ಹೋಗುತ್ತವೆ. ಒಣಹುಲ್ಲು, ಅಡಿಕೆಹೊಟ್ಟಿನಂಥ ಚೂರು ಕಂಡರೆ ಅದರ ಸುತ್ತ ಒಂದೊಂದು ವೈರನ್ನೂ ಬೆರಳಾಡಿಸಿ ನೋಡು.

ತುಂಡಾದ ವೈರನ್ನು ತಿರುಚಿ ಮೇಲೆ ಟೇಪು ಸುತ್ತುವ ರಿಪೇರಿ ಬೇಡವೇ ಬೇಡ. ಕೊಳೆತ ಭಾಗವನ್ನು ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ ತೆಗೆ, ಅದೇ ದಪ್ಪದ ವೈರು ಸೇರಿಸು, ಒಳಗೆ ಅಂಟಿರುವ, ಕಾಯಿಸಿದರೆ ಕುಗ್ಗುವ ಕೊಳವೆ ಹಾಕು. ಈ ಜೋಡಣೆ ಅಲುಗಾಡುವ ಜಾಗದಲ್ಲಿ ಬರದ ಹಾಗೆ ನೋಡಿಕೊ.

ಎಲ್ಲಕ್ಕಿಂತ ಮುಖ್ಯವಾದದ್ದು ಎಂದೆನಲ್ಲ, ಅದು ಬ್ರೇಕ್ ದೀಪದ್ದಲ್ಲದ, ಕ್ಲಚ್ಚಿನ ಕರೆಂಟು ಕಡಿಯುವ ಎರಡನೇ ಸ್ವಿಚ್ಚು. ಬ್ರೇಕಿನ ಮಾಸ್ಟರ್ ಸಿಲಿಂಡರ್ ಹತ್ತಿರ, ಬ್ರೇಕ್ ಎಣ್ಣೆಯ ದಾರಿಯ ಮೇಲೇ ತಿರುಗಿಸಿ ಕೂರಿಸಿದ್ದಾರೆ. ಒಳಗೆ ತೆಳುವಾದ ಪೊರೆಯೊಂದು ಎಣ್ಣೆಯನ್ನೂ ವಿದ್ಯುತ್ತನ್ನೂ ಬೇರೆಯಾಗಿಡುತ್ತದೆ. ವರ್ಷಗಟ್ಟಲೆ ಒತ್ತಿಸಿಕೊಂಡು ಆ ಪೊರೆ ಬಿರುಕುಬಿಟ್ಟರೆ ಎಣ್ಣೆ ಕರೆಂಟಿನ ಕಡೆಗೆ ಸೋರುತ್ತದೆ. ಕೀಲಿ ತೆಗೆದ ಮೇಲೂ ಆ ಸ್ವಿಚ್ಚಿಗೆ ಬ್ಯಾಟರಿ ಕರೆಂಟು ಬರುತ್ತಲೇ ಇರುವ ಹಾಗೆ ಜೋಡಿಸಿದ್ದರಿಂದ ನಿಂತ ಕಾರುಗಳೇ ಹೊತ್ತಿ ಉರಿದವು. 1999ರಿಂದ 2009ರವರೆಗೆ ಹಲವು ಕಂತುಗಳಲ್ಲಿ ಫೋರ್ಡ್ ಒಂದು ಕೋಟಿಗೂ ಹೆಚ್ಚು ವಾಹನಗಳನ್ನು ಇದೇ ಕಾರಣಕ್ಕೆ ವಾಪಸು ಕರೆಸಿತು. ನಿನ್ನ ಕಾರಿನ ಕುಟುಂಬವೂ ಆ ಪಟ್ಟಿಯಲ್ಲಿತ್ತು. ಫೋರ್ಡ್ ಡೀಲರಿಗೆ ಫೋನು ಮಾಡಿ, ಗಾಜಿನ ಕೆಳಗೆ ಕಾಣುವ 17 ಅಕ್ಷರ-ಅಂಕಿಗಳ ಗುರುತು ಓದಿ, ಈ ರಿಪೇರಿ ಆಗಿದೆಯೇ ಕೇಳು. ಇದನ್ನು ನಾಳೆಯೇ ಮಾಡು, ಉಳಿದದ್ದೆಲ್ಲ ಆಮೇಲೆ.

ರಿಪೇರಿ ಆದ ಕಾರುಗಳಲ್ಲಿ ಸ್ವಿಚ್ಚಿಗೂ ಮೂಲ ಕನೆಕ್ಟರಿಗೂ ನಡುವೆ ಫ್ಯೂಸಿರುವ ಪುಟ್ಟ ವೈರಿನ ತುಂಡು ಸೇರಿಸಿರುತ್ತಾರೆ. ಆ ಫ್ಯೂಸು ಹೋಗಿದ್ದರೆ ಕ್ರೂಸ್ ನಿಲ್ಲುತ್ತದೆ. ಅಲ್ಲಿಗೆ ಕಾರಣ ಸಿಕ್ಕಿತೆಂದು ಬರೀ ಹೊಸ ಫ್ಯೂಸು ಚುಚ್ಚಿ ಸುಮ್ಮನಾಗಬೇಡ. ಫ್ಯೂಸು ಸುಮ್ಮನೆ ಹೋಗುವುದಿಲ್ಲ, ಸ್ವಿಚ್ಚಿನೊಳಗೆ ಎಣ್ಣೆ ಹೊಕ್ಕಿರಬಹುದು. ಕನೆಕ್ಟರ್ ಎಳೆದು ನೋಡು. ಒಳಗೆ ಒದ್ದೆ, ಕಪ್ಪು, ಸುಟ್ಟ ವಾಸನೆ ಏನೇ ಇದ್ದರೂ ಅದನ್ನು ಬಿಚ್ಚಿದ ಹಾಗೇ ಬಿಡು, ಸ್ವಿಚ್ಚು ಬದಲಾಗುವವರೆಗೆ ಕಾರನ್ನು ಮನೆಯಿಂದ ದೂರ ಬಯಲಲ್ಲಿ ನಿಲ್ಲಿಸು. ಕನೆಕ್ಟರ್ ಬಿಚ್ಚಿದರೆ ಕ್ರೂಸ್ ಮಾತ್ರ ಇರುವುದಿಲ್ಲ, ಬ್ರೇಕಿಗೆ ತೊಂದರೆಯಿಲ್ಲ. ಒಣಗಿದ್ದರೆ ಪರೀಕ್ಷೆ ಸುಲಭ: ಪೆಡಲ್ ಬಿಟ್ಟಾಗ ಸ್ವಿಚ್ಚಿನ ಎರಡೂ ಕಡೆ ಬ್ಯಾಟರಿ ವೋಲ್ಟ್ ಇರಬೇಕು, ಜೋರಾಗಿ ತುಳಿದಾಗ ಸರ್ವೊ ಕಡೆಯದು ಸೊನ್ನೆಗೆ ಬೀಳಬೇಕು.

ಈ ಸ್ವಿಚ್ಚು ತೊಂದರೆ ಕೊಡುತ್ತದೆಂದು ಅದರ ಎರಡು ವೈರನ್ನೂ ಕೂಡಿಸಿಬಿಟ್ಟು ‘ಈಗ ಕ್ರೂಸ್ ಬಂತು ನೋಡಿ’ ಎಂದು ಕಾರು ವಾಪಸು ಕೊಡುವವರನ್ನು ನಾನು ನೋಡಿದ್ದೇನೆ. ಗೆಳೆಯರು ಯಾರಾದರೂ ಇದೇ ಉಪಾಯ ಹೇಳಬಹುದು. ಕಿವಿಗೆ ಹಾಕಿಕೊಳ್ಳಬೇಡ. ನೀನು ಕೊಂಡದ್ದು ಮೂರನೆಯವರಿಂದ, ಹಿಂದಿನವರು ಯಾರೋ ಹಾಗೆ ಮಾಡಿಟ್ಟಿದ್ದಾರೆಯೇ ಎಂದೂ ಹುಡುಕು. ಕ್ರೂಸ್ ಇಲ್ಲದ ಕಾರಿನಲ್ಲಿ ಕಾಲು ನೋಯುತ್ತದೆ, ಅಷ್ಟೆ. ಬ್ರೇಕ್ ತುಳಿದರೂ ಕೈಬಿಡದ ಕ್ರೂಸ್ ಇರುವ ಕಾರಿನಲ್ಲಿ ನಿನ್ನನ್ನು ಕೂರಿಸಲು ನಾನು ಒಪ್ಪುವುದಿಲ್ಲ, ನಿಮ್ಮಮ್ಮನಿಗೆ ಏನು ಉತ್ತರ ಹೇಳಲಿ?

ಇಷ್ಟೆಲ್ಲ ಅಳೆದು ಎಲ್ಲ ವೈರೂ ಹೂಂ ಎಂದ ಮೇಲೂ ಹಿಡಿಯದಿದ್ದರೆ ಆಗ ಸರ್ವೊ ಬದಲಾಯಿಸು. ಗುಜರಿಯಲ್ಲಿ ಇದೇ ಕುಟುಂಬದ ಕಾರಿನದು ಸಿಗುತ್ತದೆ, ಪಾರ್ಟ್ ನಂಬರ್ ಹೊಂದಿಸಿ ತೆಗೆದುಕೊ. ಕೇಬಲ್ ಜೋಡಿಸಿದ ಮೇಲೆ ಆಕ್ಸಿಲರೇಟರ್ ಟಕ್ಕೆಂದು ವಾಪಸು ಬರುವುದನ್ನು ಮತ್ತೆ ನೋಡು.

ಪರೀಕ್ಷೆಗೆ ಒಣ ರಸ್ತೆ, ಹಗಲು, ವಾಹನ ಕಡಿಮೆ ಇರುವ ಹೊತ್ತು ಆರಿಸಿಕೊ. ಮಳೆ, ಹಿಮ, ಮಂಜುಗಡ್ಡೆ ಇದ್ದರೆ ಕ್ರೂಸ್ ಬಳಸುವುದೇ ಬೇಡ. ಚಕ್ರ ಜಾರುವಾಗ ಅದು ವೇಗ ಉಳಿಸಲು ಇನ್ನಷ್ಟು ಎಳೆಯುತ್ತದೆ. 40 ಮೈಲಿಯಲ್ಲಿ ಸೆಟ್ ಒತ್ತಿ, ಹಿಡಿದ ಕೂಡಲೇ ಬ್ರೇಕನ್ನು ಮೆಲ್ಲಗೆ ಮುಟ್ಟು, ಬಿಡಬೇಕು. ರೆಸ್ಯೂಮ್ ಒತ್ತು, ಮತ್ತೆ ಹಿಡಿಯಬೇಕು. ಆಫ್ ಒತ್ತಿ ಬಿಡಿಸಿ ನೋಡು. ಹೀಗೆ ಒಂದೊಂದು ದಾರಿಯಲ್ಲೂ ಬಿಡುತ್ತದೆಂದು ಖಾತ್ರಿಯಾಗುವವರೆಗೆ ಹೈವೇಗೆ ಹತ್ತಬೇಡ. ಎಂದಾದರೂ ಬಿಡದೆ ಹೋದರೆ ಗಾಬರಿಯಾಗಿ ಬ್ರೇಕನ್ನು ತುಳಿದು ಬಿಟ್ಟು ಮಾಡಬೇಡ, ಒಂದೇ ಸಮನೆ ಬಲವಾಗಿ ಒತ್ತಿ ಹಿಡಿ, ಗೇರನ್ನು ನ್ಯೂಟ್ರಲ್‌ಗೆ ತಳ್ಳು, ಪಕ್ಕಕ್ಕೆ ಬಂದು ನಿಂತ ಮೇಲೆ ಎಂಜಿನ್ ಆರಿಸು. ಓಡುತ್ತಿರುವಾಗ ಕೀಲಿಯನ್ನು ಲಾಕ್‌ವರೆಗೆ ತಿರುಗಿಸಿದರೆ ಸ್ಟೇರಿಂಗ್ ಬಿಗಿದುಕೊಳ್ಳುತ್ತದೆ.

ಮೀಟರಿನಲ್ಲಿ ಕಂಡ ಅಂಕಿಗಳನ್ನೆಲ್ಲ ವೈರಿನ ಬಣ್ಣದ ಪಕ್ಕದಲ್ಲಿ ಒಂದು ಹಾಳೆಯ ಮೇಲೆ ಬರೆದಿಡು. ಶನಿವಾರ ಬೆಳಿಗ್ಗೆ ಫೋನು ಮಾಡು, ನಿನ್ನ ಹಾಳೆ, ನನ್ನ ವೈರಿಂಗ್ ಚಿತ್ರ ಎರಡನ್ನೂ ಮುಂದಿಟ್ಟುಕೊಂಡು ನೋಡೋಣ. ಡೀಲರಿಗೆ ಫೋನು ಮಾಡುವುದು ಮಾತ್ರ ಶನಿವಾರದವರೆಗೆ ಕಾಯಬಾರದು.